ಪೀಣ್ಯದ ಶೆಡ್ಡು, ಸೋವಿಯತ್ ರಾಕೆಟ್ಟು

ಅಲ್ ಕೂಜ್ ಕೈಗಾರಿಕಾ ಪ್ರದೇಶದ ಶೆಡ್ಡುಗಳು ನಮ್ಮ ಸದಸ್ಯ ಬಂಧುಗಳಿಗೆ ಹೊಸದಲ್ಲ. ಗ್ಯಾರೇಜು, ಮರಗೆಲಸ, ಪ್ರಿಂಟಿಂಗ್ ಪ್ರೆಸ್ಸು, ಗೋದಾಮು, ಹೀಗೆ ಒಂದೊಂದರ ಒಳಗೂ ಒಂದೊಂದು ಉದ್ಯೋಗ. ತಗಡಿನ ಮಾಡು, ಒಳಗೆ ಸೆಕೆ, ಹೊರಗೆ ಲಾರಿಗಳ ಸದ್ದು. ಇಂಥದ್ದೇ ಶೆಡ್ಡುಗಳಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ, ಭಾರತದ ಮೊದಲ ಕೃತಕ ಉಪಗ್ರಹ ತಯಾರಾಯಿತು ಎಂದರೆ ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಅನುಮಾನದಿಂದ ನೋಡುತ್ತಾರೆ. ಅದನ್ನು ಕಟ್ಟಿದವರ ಮುಂದಾಳು ಉಡುಪಿ ಬಳಿಯ ಅದಮಾರಿನವರು, ಅದನ್ನು ಮೇಲಕ್ಕೆ ಹಾರಿಸಿದ ದೇಶ ಇಂದು ಭೂಪಟದಲ್ಲೇ ಇಲ್ಲ ಎಂದರಂತೂ ಕಥೆ ಕಟ್ಟಿ ಹೇಳಿದಂತೆ ಅನ್ನಿಸುತ್ತದೆ. ಆದರೆ ಇದು ಕಥೆಯಲ್ಲ, ಇತಿಹಾಸ. ಅದನ್ನು ನಮ್ಮ ಭಾಷೆಯಲ್ಲಿ, ನಮ್ಮ ಮನೆಗಳಲ್ಲಿ ಓದುವಂತೆ ಬರೆದಿಡಬೇಕೆಂದು ಈ ಲೇಖನ.

ನಾವು ವೃತ್ತಿಯಿಂದ ವೈದ್ಯರು, ಇತಿಹಾಸಕಾರರಲ್ಲ. ಆದರೆ ನಮ್ಮ ತಲೆಮಾರಿನವರ ಬಾಲ್ಯಕ್ಕೆ ಸೋವಿಯತ್ ದೇಶದ ನಂಟು ಬಹಳ. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಗಳು ನಮ್ಮ ಶಾಲಾಪುಸ್ತಕಗಳಿಗೆ ಬೈಂಡು ಹಾಕಲು ಹೇಳಿ ಮಾಡಿಸಿದಂತಿದ್ದವು. ನವಕರ್ನಾಟಕ ಪ್ರಕಾಶನದ ಅಂಗಡಿಗಳಲ್ಲಿ ಮಾಸ್ಕೋದ ಮೀರ್ ಪ್ರಕಾಶನದ ವಿಜ್ಞಾನ ಪುಸ್ತಕಗಳು ಕಾಫಿ ತಿಂಡಿಯ ದುಡ್ಡಿಗೆ ಸಿಗುತ್ತಿದ್ದವು. ಪೆರೆಲ್ಮಾನ್ ಅವರ ಭೌತಶಾಸ್ತ್ರ, ಪಿಸ್ಕುನೋವ್ ಅವರ ಗಣಿತ, ವೈದ್ಯಕೀಯಕ್ಕೆ ಬಂದವರಿಗೆ ಪ್ರಿವೆಸ್ ಅವರ ಅಂಗರಚನಾಶಾಸ್ತ್ರ. ಅಮೆರಿಕದ ಪುಸ್ತಕ ಕೊಳ್ಳಲಾಗದ ಮಧ್ಯಮ ವರ್ಗದ ಹುಡುಗರಿಗೆ ಇವು ವರದಾನವಾಗಿದ್ದವು. ಹೊಲಿಗೆ ಬಿಗಿ, ಕಾಗದ ಗಟ್ಟಿ, ಬೆಲೆ ಅಗ್ಗ.

ಆ ಪುಸ್ತಕಗಳ ಹಿಂದೆ ಒಂದು ದೊಡ್ಡ ಸಂಶೋಧನಾ ಲೋಕವಿತ್ತು. ಸಮುದ್ರದ ತಳದಿಂದ ಅಂತರಿಕ್ಷದವರೆಗೆ, ಕಬ್ಬಿಣ ಬಡಿಯುವ ಯಂತ್ರದಿಂದ ಹೃದಯದ ಬಡಿತದವರೆಗೆ ಅದು ಕೈ ಹಾಕದ ಕ್ಷೇತ್ರವಿರಲಿಲ್ಲ. ಅದರಲ್ಲಿ ನಮ್ಮ ನಾಡಿಗೆ ತಾಗಿದ ಕೆಲವು ಎಳೆಗಳನ್ನು ಮಾತ್ರ ಇಲ್ಲಿ ಬಿಡಿಸಿ ನೋಡೋಣ.

ನಮ್ಮ ಕಡಲಿಗೆ ಬಂದ ಹಡಗು

'ವಿತ್ಯಾಜ್' ಎಂಬ ಹಡಗಿನಿಂದ ಆರಂಭಿಸೋಣ. 1939ರಲ್ಲಿ ಜರ್ಮನಿಯಲ್ಲಿ ಸರಕು ಸಾಗಾಟಕ್ಕೆಂದು ಕಟ್ಟಿದ ಈ ಹಡಗು ಎರಡನೆಯ ಮಹಾಯುದ್ಧದ ನಂತರ ಸೋವಿಯತ್ತರ ಪಾಲಿಗೆ ಬಂತು. ಅವರು ಅದನ್ನು ತೇಲುವ ಪ್ರಯೋಗಾಲಯವಾಗಿ ಮಾರ್ಪಡಿಸಿ 1949ರಿಂದ 1979ರವರೆಗೆ ಲೋಕದ ಸಾಗರಗಳನ್ನೆಲ್ಲ ಅಳೆದರು. 1957ರಲ್ಲಿ ಪೆಸಿಫಿಕ್ ಸಾಗರದ ಮರಿಯಾನಾ ಕಂದಕದಲ್ಲಿ ಹನ್ನೊಂದು ಕಿಲೋಮೀಟರಿಗೂ ಹೆಚ್ಚಿನ ಆಳವನ್ನು ದಾಖಲಿಸಿದ್ದು ಇದೇ ಹಡಗು. ಈಗ ಅದು ಕಲಿನಿನ್‌ಗ್ರಾದ್ ಬಂದರಿನಲ್ಲಿ ವಸ್ತುಸಂಗ್ರಹಾಲಯವಾಗಿ ನಿಂತಿದೆ.

1959ರಿಂದ 1965ರವರೆಗೆ ಹಿಂದೂ ಮಹಾಸಾಗರದ ಅಂತಾರಾಷ್ಟ್ರೀಯ ಅನ್ವೇಷಣೆ ನಡೆಯಿತು. ಆ ಹೊತ್ತಿಗೆ ಲೋಕದ ಮಹಾಸಾಗರಗಳ ಪೈಕಿ ಅತಿ ಕಡಿಮೆ ಪರಿಚಯವಿದ್ದದ್ದು ನಮ್ಮದೇ. ಹಲವು ದೇಶಗಳ ನಲವತ್ತಕ್ಕೂ ಹೆಚ್ಚು ಹಡಗುಗಳು ಬಂದವು, ವಿತ್ಯಾಜ್ ಅವುಗಳಲ್ಲೊಂದು. ಈ ಅನ್ವೇಷಣೆಯ ಫಲವಾಗಿಯೇ 1966ರ ಜನವರಿ 1ರಂದು ಭಾರತದಲ್ಲಿ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಹುಟ್ಟಿತು. ಅದರ ಕೇಂದ್ರ ಇಂದು ಗೋವೆಯ ದೋನಾ ಪೌಲಾದಲ್ಲಿದೆ, ಕಾರವಾರದಿಂದ ದೂರವೇನೂ ಅಲ್ಲ.

1973ರಲ್ಲಿ ಭಾರತ ಮತ್ತು ಸೋವಿಯತ್ ಒಕ್ಕೂಟ ಸೇರಿ ಮುಂಗಾರಿನ ಬೆನ್ನು ಹತ್ತಿದವು. ಎರಡೂ ದೇಶಗಳ ಹಡಗುಗಳು ಅರಬ್ಬೀ ಸಮುದ್ರದಲ್ಲಿ ನಿಂತು ಗಾಳಿ, ತೇವ, ನೀರಿನ ಶಾಖ ಇವುಗಳನ್ನು ಅಳೆದವು. 1977ರಲ್ಲಿ ಇನ್ನೊಮ್ಮೆ, 1979ರಲ್ಲಿ ಇನ್ನೂ ಹೆಚ್ಚು ದೇಶಗಳೊಡನೆ ಮತ್ತೊಮ್ಮೆ ಇಂಥ ಕೆಲಸ ನಡೆಯಿತು. ನಮಗೆ ಇದರಿಂದ ಏನು ಎಂದು ಕೇಳುವವರಿಗೆ ಉತ್ತರ ಸರಳ. ಸೋಮಾಲಿಯಾ ಕರಾವಳಿಯಲ್ಲಿ ತಿರುಗಿ ಅರಬ್ಬೀ ಸಮುದ್ರದ ಮೇಲೆ ಓಡಿ ಬರುವ ಆ ಗಾಳಿಯೇ ಆಗುಂಬೆಯಲ್ಲಿ ಸುರಿಯುವ ಮಳೆ, ಕೊಡಗಿನಲ್ಲಿ ಕಾವೇರಿಯನ್ನು ತುಂಬುವ ಮಳೆ. ಅದೇ ಮಳೆಗಾಲದಲ್ಲಿ ಮಲ್ಪೆಯ ದೋಣಿಗಳು ದಡದಲ್ಲಿ ನಿಲ್ಲುತ್ತವೆ. ಕಡಲಿನ ಈ ದಡದಲ್ಲಿ ದುಡಿಯುವ ನಾವು, ಆ ದಡದಲ್ಲಿ ಮಳೆ ಕಾಯುವ ನಮ್ಮ ಹಿರಿಯರು, ನಡುವಿನ ಈ ನೀರನ್ನು ಅಳೆದವರನ್ನು ಮರೆಯಬಾರದು.

ಒಂದು ಲಕ್ಷ ಅಂಬಾರಿಯ ಭಾರ

ಗ್ಯಾರೇಜಿನಲ್ಲಿ ಒಬ್ಬನೇ ಹುಡುಗ ಕೈಯಿಂದ ಜ್ಯಾಕ್ ಒತ್ತಿ ದೊಡ್ಡ ಗಾಡಿಯನ್ನು ಎತ್ತುವುದನ್ನು ಎಲ್ಲರೂ ಕಂಡಿದ್ದೇವೆ. ಪಾಸ್ಕಲ್ ಹೇಳಿದ ನಿಯಮ ಅದು. ಮುಚ್ಚಿದ ಪಾತ್ರೆಯ ದ್ರವದ ಮೇಲೆ ಒಂದು ಕಡೆ ಕೊಟ್ಟ ಒತ್ತಡ ಎಲ್ಲ ಕಡೆಗೂ ಸಮನಾಗಿ ಹರಡುತ್ತದೆ. ಒಂದು ಚದರ ಸೆಂಟಿಮೀಟರಿನ ಸಣ್ಣ ಕೊಂತದ ಮೇಲೆ 10 ಕಿಲೋ ಹೇರಿದರೆ ನೂರು ಚದರ ಸೆಂಟಿಮೀಟರಿನ ದೊಡ್ಡ ಕೊಂತ 1000 ಕಿಲೋ ಎತ್ತುತ್ತದೆ. ಪುಕ್ಕಟೆ ಏನೂ ಅಲ್ಲ. ದೊಡ್ಡದು ಒಂದು ಸೆಂಟಿಮೀಟರು ಏರಲು ಸಣ್ಣದು ನೂರು ಸೆಂಟಿಮೀಟರು ಇಳಿಯಬೇಕು.

ಈ ತತ್ವವನ್ನು ಸೋವಿಯತ್ ಎಂಜಿನಿಯರುಗಳು ಎಷ್ಟು ದೂರ ಒಯ್ದರೆಂದರೆ 75,000 ಟನ್ ಬಲದ ಎರಡು ಹೈಡ್ರಾಲಿಕ್ ಪ್ರೆಸ್ಸುಗಳನ್ನು ಕಟ್ಟಿದರು. ಉಕ್ರೇನಿನ ಕ್ರಾಮತೋರ್ಸ್ಕ್ ಊರಿನ ಭಾರೀ ಯಂತ್ರ ಕಾರ್ಖಾನೆಯಲ್ಲಿ ತಯಾರಾದ ಇವುಗಳಲ್ಲಿ ಒಂದು ವೋಲ್ಗಾ ದಡದ ಕುಯಿಬಿಶೆವ್ ನಗರಕ್ಕೆ, ಅಂದರೆ ಇಂದಿನ ಸಮಾರಕ್ಕೆ ಹೋಯಿತು. ಇನ್ನೊಂದು ಉರಾಲ್ ಪ್ರಾಂತದ ವೆರ್ಖ್ನ್ಯಾಯಾ ಸಾಲ್ದಾ ಊರಿಗೆ. ಮೈಸೂರು ದಸರೆಯ ಚಿನ್ನದ ಅಂಬಾರಿ ಸುಮಾರು 750 ಕಿಲೋ ಎನ್ನುತ್ತಾರೆ. ಲೆಕ್ಕ ಹಾಕಿದರೆ ಈ ಪ್ರೆಸ್ಸಿನ ಒತ್ತು ಒಂದು ಲಕ್ಷ ಅಂಬಾರಿಯ ಭಾರ!

ಇಷ್ಟು ಬಲ ಯಾಕೆ? ವಿಮಾನದ ಮುಖ್ಯ ಅಂಗಗಳನ್ನು ತುಂಡು ತುಂಡಾಗಿ ಜೋಡಿಸಿದರೆ ತೂಕ ಹೆಚ್ಚು, ಜೋಡಣೆಯಲ್ಲಿ ಬಿರುಕು ಹುಟ್ಟುವ ಭಯ. ಕಾದ ಲೋಹದ ಗಟ್ಟಿಯನ್ನು ಒಮ್ಮೆಗೇ ಅಚ್ಚಿಗೆ ಒತ್ತಿದರೆ ಒಂದೇ ತುಂಡಿನಲ್ಲಿ ಹಗುರ, ಗಟ್ಟಿ ಅಂಗ ಸಿಗುತ್ತದೆ. ಮುರಿದ ಮೂಳೆಗೆ ತಗಡು ಕೂರಿಸಿ ಜೋಡಿಸುವುದಕ್ಕೂ ಮುರಿಯದ ಮೂಳೆಗೂ ಇರುವ ವ್ಯತ್ಯಾಸ ಎನ್ನಬಹುದು. ಯುದ್ಧ ವಿಮಾನಕ್ಕೆಂದು ಬೆಳೆಸಿದ ಈ ವಿದ್ಯೆ ಒಕ್ಕೂಟ ಒಡೆದ ಮೇಲೂ ಉಳಿಯಿತು. ವೆರ್ಖ್ನ್ಯಾಯಾ ಸಾಲ್ದಾದ ಟೈಟಾನಿಯಂ ಬೋಯಿಂಗ್, ಏರ್‌ಬಸ್ ವಿಮಾನಗಳಿಗೆ ಹೋಯಿತು. 2022ರಲ್ಲಿ ಉಕ್ರೇನ್ ಯುದ್ಧ ಆರಂಭವಾದ ಮೇಲೆ ಬೋಯಿಂಗ್ ಆ ಖರೀದಿಯನ್ನು ನಿಲ್ಲಿಸಿತು. ಪ್ರೆಸ್ಸು ಕಟ್ಟಿದ ಊರು ಉಕ್ರೇನಿನಲ್ಲಿ, ಪ್ರೆಸ್ಸು ನಿಂತ ಊರು ರಷ್ಯದಲ್ಲಿ. ಒಂದೇ ಮನೆಯವರು ಕೂಡಿ ಮಾಡಿದ ಆಸ್ತಿ, ಪಾಲಾದ ಮೇಲೆ ಜಗಳ, ಇದು ನಮಗೇನೂ ಅಪರಿಚಿತ ಸಂಗತಿಯಲ್ಲ.

ಅದಮಾರಿನಿಂದ ಪೀಣ್ಯಕ್ಕೆ

ಈಗ ನಮ್ಮ ಮುಖ್ಯ ಕಥೆಗೆ ಬರೋಣ. ಉಡುಪಿ ರಾಮಚಂದ್ರ ರಾವ್ ಅವರು ಹುಟ್ಟಿದ್ದು 1932ರ ಮಾರ್ಚ್ 10ರಂದು, ಅದಮಾರಿನಲ್ಲಿ. ಉಡುಪಿಯಲ್ಲಿ ಹೈಸ್ಕೂಲು, ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್, ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ., ಅಹಮದಾಬಾದಿನಲ್ಲಿ ವಿಕ್ರಂ ಸಾರಾಭಾಯಿ ಅವರ ಕೈಕೆಳಗೆ ವಿಶ್ವಕಿರಣಗಳ ಸಂಶೋಧನೆ. ನಂತರ ಅಮೆರಿಕ. ಅಲ್ಲಿ ಎಂ.ಐ.ಟಿ.ಯಲ್ಲೂ ಡಲ್ಲಾಸಿನಲ್ಲೂ ಕೆಲಸ ಮಾಡಿ, ಅಲ್ಲಿನ ಉಪಗ್ರಹಗಳ ಪ್ರಯೋಗಗಳಲ್ಲಿ ಪಳಗಿ 1966ರಲ್ಲಿ ಸ್ವದೇಶಕ್ಕೆ ಮರಳಿದರು. ಹೊರದೇಶದಲ್ಲಿ ನೆಲೆ ನಿಂತ ನಮ್ಮಂಥವರು ಈ ಕೊನೆಯ ವಾಕ್ಯವನ್ನು ಸ್ವಲ್ಪ ನಿಧಾನವಾಗಿ ಓದಬೇಕು.

ಭಾರತದ ಉಪಗ್ರಹವನ್ನು ತಮ್ಮ ರಾಕೆಟ್ಟಿನಲ್ಲಿ ಉಚಿತವಾಗಿ ಹಾರಿಸಿಕೊಡುವುದಾಗಿ ಸೋವಿಯತ್ತರು 1971ರಲ್ಲಿ ಮುಂದೆ ಬಂದರು. ಅದೇ ವರ್ಷ ಡಿಸೆಂಬರ್ 30ರಂದು ಸಾರಾಭಾಯಿ ತೀರಿಕೊಂಡರು. ಆದರೂ ಮಾತು ನಿಲ್ಲಲಿಲ್ಲ. 1972ರ ಮೇ 10ರಂದು ಇಸ್ರೋ ಮತ್ತು ಸೋವಿಯತ್ ವಿಜ್ಞಾನ ಅಕಾಡೆಮಿಯ ನಡುವೆ ಒಪ್ಪಂದವಾಯಿತು. ಇಸ್ರೋದ ಹೊಣೆ ಆ ವರ್ಷವೇ ಸತೀಶ್ ಧವನ್ ಅವರ ಹೆಗಲಿಗೆ ಬಂತು, ಉಪಗ್ರಹದ ಹೊಣೆ ರಾವ್ ಅವರ ಹೆಗಲಿಗೆ.

ಸ್ಥಳ ಎಲ್ಲಿ? ಬೆಂಗಳೂರಿನ ಅಂಚಿನಲ್ಲಿ ಆಗ ತಾನೇ ಎದ್ದು ನಿಲ್ಲುತ್ತಿದ್ದ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಕಲ್ನಾರಿನ ಮಾಡು, ಸುತ್ತ ಧೂಳು. ಆ ಧೂಳಿನ ನಡುವೆ ಒಂದು ಕಣ ಧೂಳೂ ಇರಬಾರದ ಸ್ವಚ್ಛ ಕೊಠಡಿಯನ್ನು ಕಟ್ಟಬೇಕು. ನಮ್ಮ ಆಪರೇಷನ್ ಥಿಯೇಟರುಗಳನ್ನು ನೋಡಿದವರಿಗೆ ಈ ಕಷ್ಟ ಅರ್ಥವಾದೀತು. ಕೆಲಸಕ್ಕೆ ಸೇರಿದವರು ಬಹುಪಾಲು ಎಳೆಯರು. ಉಪಗ್ರಹವನ್ನು ಕಟ್ಟುವುದಿರಲಿ, ಕಣ್ಣಿಂದ ಕಂಡವರೇ ಅವರಲ್ಲಿ ವಿರಳ. ಸುಮಾರು ಮೂವತ್ತು ತಿಂಗಳಲ್ಲಿ ಕೆಲಸ ಮುಗಿಯಬೇಕಿತ್ತು, ಮುಗಿಯಿತು.

ಹೊರಟದ್ದು ಸುಮಾರು 360 ಕಿಲೋ ತೂಕದ, ಇಪ್ಪತ್ತಾರು ಮುಖಗಳ, ಹೆಚ್ಚುಕಡಿಮೆ ಚೆಂಡಿನಾಕಾರದ ನೀಲಿ ಹೊಳಪಿನ ವಸ್ತು. 1970ರಲ್ಲಿ ಚೀನಾ ಹಾರಿಸಿದ್ದ ಮೊದಲ ಉಪಗ್ರಹದ ತೂಕ 173 ಕಿಲೋ. ಮೈಮೇಲಿನ ಸೌರಕೋಶಗಳು, ಬ್ಯಾಟರಿ, ಟೇಪ್ ರೆಕಾರ್ಡರ್ ಮುಂತಾದ ಕೆಲವು ಭಾಗಗಳು ಸೋವಿಯತ್ತಿನಿಂದ ಬಂದವು. ವಿನ್ಯಾಸ, ಜೋಡಣೆ, ವಿದ್ಯುನ್ಮಾನ, ಪ್ರಯೋಗಗಳು ನಮ್ಮವು. ಹೆಸರಿಗೆ ಮೂರು ಸೂಚನೆಗಳಿದ್ದವು: ಆರ್ಯಭಟ, ಮಿತ್ರ, ಜವಾಹರ್. ಪ್ರಧಾನಿ ಇಂದಿರಾ ಗಾಂಧಿ ಅವರು ಆರ್ಯಭಟ ಎಂಬುದನ್ನು ಆರಿಸಿದರು.

1975ರ ಏಪ್ರಿಲ್ 19ರಂದು ವೋಲ್ಗಾ ನದಿಯ ಕೆಳದಂಡೆಯ ಬಯಲಿನಲ್ಲಿರುವ ಕಪುಸ್ತಿನ್ ಯಾರ್‌ನಿಂದ ಸೋವಿಯತ್ ರಾಕೆಟ್ ಆರ್ಯಭಟವನ್ನು ಹೊತ್ತು ಏರಿತು. ಭೂಮಿಯಿಂದ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಅದು ಸುತ್ತತೊಡಗಿತು. ಶ್ರೀಹರಿಕೋಟೆ ಮತ್ತು ಮಾಸ್ಕೋ ಬಳಿಯ ಕೇಂದ್ರಗಳಲ್ಲಿ ಅದರ ದನಿ ಕೇಳಿಸಿತು. ಬೆಂಗಳೂರಿನಲ್ಲಿ ಜಾಗ ಸಾಲದೆ ಒಂದು ಶೌಚಾಲಯವನ್ನೇ ಮಾಹಿತಿ ಸ್ವೀಕರಿಸುವ ಕೋಣೆಯಾಗಿ ಬದಲಾಯಿಸಿದ್ದೆವು ಎಂದು ರಾವ್ ಅವರೇ ಮುಂದೆ ನಗುತ್ತ ಹೇಳಿಕೊಂಡಿದ್ದರು.

ನಾಲ್ಕು ದಿನ ಎಲ್ಲ ಸರಿಯಿತ್ತು. ಆಮೇಲೆ ಪ್ರಯೋಗಗಳಿಗೆ ವಿದ್ಯುತ್ ಹರಿಸುತ್ತಿದ್ದ ಮಾರ್ಗ ಕೆಟ್ಟಿತು. ಕ್ಷ-ಕಿರಣ ಖಗೋಳ, ಸೂರ್ಯನ ಅಧ್ಯಯನ, ಮೇಲ್ವಾತಾವರಣದ ಅಧ್ಯಯನ ಮೂರೂ ನಿಂತವು. ವಿಜ್ಞಾನದ ದೃಷ್ಟಿಯಿಂದ ಇದು ನಷ್ಟವೇ ಸರಿ. ಆದರೆ ಪೀಣ್ಯದಲ್ಲಿ ಉಳಿದ ಲಾಭ ಬೇರೆ. ಉಪಗ್ರಹವೆಂದರೆ ಏನು, ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ ಎಂದು ಕೈಯಾರೆ ತಿಳಿದ ಒಂದು ಪಡೆ ಅಲ್ಲಿ ತಯಾರಾಗಿತ್ತು. ಹೌಸ್ ಸರ್ಜನ್ಸಿ ಮುಗಿಸಿದ ಪ್ರತಿಯೊಬ್ಬ ವೈದ್ಯನಿಗೂ ಗೊತ್ತು: ಪುಸ್ತಕ ಹತ್ತು ಸಲ ಓದಿದರೂ ಬಾರದ್ದು ಒಂದು ರಾತ್ರಿಯ ಡ್ಯೂಟಿಯಲ್ಲಿ ಬರುತ್ತದೆ. ಆರ್ಯಭಟದ ಚಿತ್ರ ನಮ್ಮ ಎರಡು ರೂಪಾಯಿಯ ನೋಟಿನ ಹಿಂಬದಿಯಲ್ಲಿ ಬಂತು. ಹಳೆಯ ನೋಟು ಜೋಪಾನ ಮಾಡಿಟ್ಟವರು ತೆಗೆದು ಮಕ್ಕಳಿಗೆ ತೋರಿಸಬಹುದು.

ಆಕಾಶದಿಂದ ಕಡಲು

ಪೀಣ್ಯದ ಮುಂದಿನ ಮಕ್ಕಳು ಭಾಸ್ಕರ-1 ಮತ್ತು ಭಾಸ್ಕರ-2. ಒಂದು 1979ರ ಜೂನ್ 7ರಂದು, ಇನ್ನೊಂದು 1981ರ ನವೆಂಬರ್ 20ರಂದು ಅದೇ ಕಪುಸ್ತಿನ್ ಯಾರ್‌ನಿಂದ ಹಾರಿದವು. ಇವು ತಾರೆಗಳನ್ನಲ್ಲ, ಕೆಳಗಿನ ನೆಲ ನೀರುಗಳನ್ನು ನೋಡಲು ಹೋದವು. ನೆಲಕ್ಕೆ ಟೆಲಿವಿಷನ್ ಕ್ಯಾಮೆರಾ, ಕಡಲಿಗೆ 'ಸಮೀರ್' ಎಂಬ ಸೂಕ್ಷ್ಮತರಂಗ ಮಾಪಕ.

ಪ್ರತಿಯೊಂದು ವಸ್ತುವೂ ತನ್ನ ಶಾಖಕ್ಕೆ ತಕ್ಕಂತೆ ಕಣ್ಣಿಗೆ ಕಾಣದ ತರಂಗಗಳನ್ನು ಹೊರಸೂಸುತ್ತದೆ. ರೋಗಿಯನ್ನು ಮುಟ್ಟದೆಯೇ ಜ್ವರ ನೋಡುವ ಹೊಸ ಥರ್ಮಾಮೀಟರಿನಂತೆ, ಸಮೀರ್ ಮಾಪಕ ಮೇಲಿನಿಂದಲೇ ಕಡಲಿನ ಮೇಲ್ಮೈಯ ಸ್ಥಿತಿಯನ್ನು, ಗಾಳಿಯಲ್ಲಿನ ನೀರಾವಿಯನ್ನು, ಮೋಡದ ನೀರನ್ನು ಅಂದಾಜು ಮಾಡುತ್ತಿತ್ತು. 1973ರಲ್ಲಿ ಹಡಗಿನಲ್ಲಿ ನಿಂತು ಅಲ್ಲಲ್ಲಿ ಅಳೆದದ್ದನ್ನು ಈಗ ಮೇಲಿನಿಂದ ಒಟ್ಟಾಗಿ ಅಳೆಯುವ ಕೆಲಸ ಶುರುವಾಯಿತು. ಇಂದು ಚಂಡಮಾರುತ ಎದ್ದ ಸುದ್ದಿ ಮಂಗಳೂರಿಗೂ ಮಸ್ಕತ್ತಿಗೂ ದಿನಗಳ ಮೊದಲೇ ಮುಟ್ಟುತ್ತದಲ್ಲ, ಆ ದಾರಿಯಲ್ಲಿ ಇದೂ ಒಂದು ಮೆಟ್ಟಿಲು.

ಬೆಂಗಳೂರಿನಲ್ಲಿ ಪರೀಕ್ಷೆ, ಮೈಸೂರಿನ ಊಟ

ರಾಕೇಶ್ ಶರ್ಮಾ ಅವರ ಯಾತ್ರೆ ಎಲ್ಲರಿಗೂ ಗೊತ್ತು. ಅದರಲ್ಲಿ ಕರ್ನಾಟಕದ ಪಾಲು ಎಷ್ಟೆಂದು ಬಹಳ ಮಂದಿಗೆ ಗೊತ್ತಿಲ್ಲ. ಅಭ್ಯರ್ಥಿಗಳಾದ ವಾಯುಪಡೆಯ ಪೈಲಟ್‌ಗಳ ದೇಹಪರೀಕ್ಷೆ ನಡೆದದ್ದು ಬೆಂಗಳೂರಿನ ವಾಯುಯಾನ ವೈದ್ಯಕೀಯ ಸಂಸ್ಥೆಯಲ್ಲಿ. ಆಯ್ಕೆಯಾದ ಶರ್ಮಾ ಮತ್ತು ರವೀಶ್ ಮಲ್ಹೋತ್ರಾ 1982ರಲ್ಲಿ ಮಾಸ್ಕೋ ಬಳಿಯ ತಾರಾನಗರಿಗೆ ತರಬೇತಿಗೆ ಹೋದರು. 1984ರ ಏಪ್ರಿಲ್ 3ರಂದು ಶರ್ಮಾ ಬೈಕನೂರಿನಿಂದ ಸೋಯುಜ್ ಟಿ-11ರಲ್ಲಿ ಹಾರಿ ಸಲ್ಯೂತ್-7 ನಿಲ್ದಾಣ ಸೇರಿದರು, ಸುಮಾರು ಎಂಟು ದಿನ ಅಂತರಿಕ್ಷದಲ್ಲಿ ಕಳೆದರು. ಅವರಿಗೆ ಭಾರತೀಯ ಊಟ ಸಿದ್ಧಪಡಿಸಿ ಕಳಿಸಿದ್ದು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ.

ವೈದ್ಯರಿಗೆ ಇಷ್ಟವಾಗುವ ಇನ್ನೊಂದು ಸಂಗತಿ ಇದೆ. ಆ ನಿಲ್ದಾಣದಲ್ಲಿ ಆಗಲೇ ನೆಲೆಸಿದ್ದ ಮೂವರಲ್ಲಿ ಒಬ್ಬರು ಒಲೆಗ್ ಅತ್ಕೋವ್, ವೃತ್ತಿಯಿಂದ ಹೃದ್ರೋಗ ತಜ್ಞರು. ಅವರು ಆ ಸಲ ಮೇಲೆ 237 ದಿನ ಇದ್ದರು. ಭಾರವಿಲ್ಲದ ಸ್ಥಿತಿಯಲ್ಲಿ ಕಾಲಿನ ರಕ್ತ ತಲೆಯ ಕಡೆಗೆ ಸರಿಯುತ್ತದೆ, ಮುಖ ಊದುತ್ತದೆ, ಸ್ನಾಯು ಸೊರಗುತ್ತದೆ, ಮೂಳೆಯ ಸುಣ್ಣ ಕರಗುತ್ತದೆ. ವರ್ಷಗಟ್ಟಲೆ ಹಾಸಿಗೆ ಹಿಡಿದ ರೋಗಿಗೆ ಆಗುವುದೇ ಅಲ್ಲಿ ಆರೋಗ್ಯವಂತನಿಗೆ ಆಗುತ್ತದೆ. ಶರ್ಮಾ ಅವರು ಅಲ್ಲಿ ಯೋಗಾಸನ ಮಾಡಿ, ಅದರಿಂದ ದೇಹ ಬೇಗ ಹೊಂದಿಕೊಳ್ಳುವುದೇ ಎಂಬ ಪರೀಕ್ಷೆಗೆ ಒಳಗಾದರು. ಮಲಗಿದ ರೋಗಿಯನ್ನು ಬೇಗ ಎಬ್ಬಿಸಿ ನಡೆಸಿ ಎಂದು ನಾವು ಮನೆಯವರನ್ನು ಕಾಡುವುದರ ಹಿಂದೆ ಇಂಥ ಅಧ್ಯಯನಗಳ ತಿಳಿವೂ ಇದೆ.

ನಾಣ್ಯದ ಇನ್ನೊಂದು ಮುಖ

ಇಷ್ಟು ಹೊಗಳಿ ನಿಲ್ಲಿಸಿದರೆ ಸತ್ಯಕ್ಕೆ ಅಪಚಾರ. ಸ್ಪುತ್ನಿಕ್ ಹಾರಿಸಿದ, ಗಗಾರಿನ್ ಅವರನ್ನು ಅಂತರಿಕ್ಷಕ್ಕೆ ಕಳಿಸಿದ ಸೆರ್ಗೆಯ್ ಕೊರೊಲ್ಯೊವ್ ಅವರನ್ನು 1938ರಲ್ಲಿ ಸ್ಟಾಲಿನ್ ಸರ್ಕಾರವೇ ಸುಳ್ಳು ಆರೋಪದ ಮೇಲೆ ಬಂಧಿಸಿ ಕೊಲಿಮಾದ ಗಣಿಗೆ ದೂಡಿತ್ತು. 1966ರ ಜನವರಿ 14ರಂದು ಅವರು ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ತೀರಿಕೊಂಡರು. ಕತ್ತಿ ಹಿಡಿದಿದ್ದವರು ಆರೋಗ್ಯ ಮಂತ್ರಿ ಪೆತ್ರೋವ್ಸ್ಕಿ ಸ್ವತಃ. ಬಂಧನದ ದಿನಗಳಲ್ಲಿ ದವಡೆಗೆ ಆಗಿದ್ದ ಗಾಯದಿಂದ ಉಸಿರಿನ ನಳಿಗೆ ಇಳಿಸುವುದು ಕಷ್ಟವಾಯಿತೆಂದು ಹೇಳುತ್ತಾರೆ. ಅವರು ಬದುಕಿರುವವರೆಗೆ ಅವರ ಹೆಸರನ್ನೇ ಲೋಕಕ್ಕೆ ಹೇಳಿರಲಿಲ್ಲ.

ಸಸ್ಯವಿಜ್ಞಾನಿ ನಿಕೊಲಾಯ್ ವವಿಲೋವ್ ಲೋಕವೆಲ್ಲ ಸುತ್ತಿ ಬೀಜ ಕೂಡಿಸಿದರು. ಲಿಸೆಂಕೋ ಎಂಬಾತನ ಹುಸಿ ವಿಜ್ಞಾನಕ್ಕೆ ಸರ್ಕಾರ ಮಣೆ ಹಾಕಿತು. ವವಿಲೋವ್ 1943ರಲ್ಲಿ ಸರಾತೋವ್ ಸೆರೆಮನೆಯಲ್ಲಿ ಸತ್ತರು. ಅದೇ ಕಾಲದಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಲೆನಿನ್‌ಗ್ರಾದಿನಲ್ಲಿ ಅವರ ಸಹೋದ್ಯೋಗಿಗಳು ಅಕ್ಕಿ, ಗೋಧಿಯ ಬೀಜದ ಚೀಲಗಳನ್ನು ಪಕ್ಕದಲ್ಲೇ ಇಟ್ಟುಕೊಂಡು, ಮುಟ್ಟದೆ, ಹಸಿವಿನಿಂದ ಸತ್ತರು. ನದಿಗಳನ್ನು ಹತ್ತಿಗೆ ತಿರುಗಿಸಿ ಅರಾಲ್ ಸಮುದ್ರವನ್ನೇ ಒಣಗಿಸಿದ್ದೂ ಆ ಕಾಲದ ಎಂಜಿನಿಯರಿಂಗೇ. ಪ್ರಶ್ನೆ ಕೇಳುವವರ ಬಾಯಿ ಮುಚ್ಚಿಸಿದ ಕಡೆ ವಿಜ್ಞಾನ ಎಷ್ಟೇ ಎತ್ತರ ಬೆಳೆದರೂ ಬೇರಿಗೆ ಹುಳ ಹತ್ತುತ್ತದೆ. ಆ ಮಹನೀಯರ ಸಾಧನೆ ಆ ವ್ಯವಸ್ಥೆಯಿಂದ ಎಷ್ಟು ಬಂತೋ, ಅದರ ನಡುವೆಯೂ ಅಷ್ಟೇ ಬಂತು.

ಕೊಟ್ಟದ್ದು ಮತ್ತು ಕಲಿತದ್ದು

1991ರ ಜನವರಿಯಲ್ಲಿ ಇಸ್ರೋ, ಸೋವಿಯತ್ತಿನ ಗ್ಲಾವ್‌ಕಾಸ್ಮಾಸ್ ಸಂಸ್ಥೆಯೊಡನೆ ಕ್ರಯೋಜೆನಿಕ್ ಎಂಜಿನ್ನಿನ ಒಪ್ಪಂದ ಮಾಡಿಕೊಂಡಿತು. ಅತಿ ತಣ್ಣಗಿನ ದ್ರವ ಜಲಜನಕ, ದ್ರವ ಆಮ್ಲಜನಕ ಉರಿಸುವ ಈ ಎಂಜಿನ್ ಭಾರದ ಉಪಗ್ರಹಗಳಿಗೆ ಬೇಕೇ ಬೇಕು. ಆಗ ಇಸ್ರೋ ಅಧ್ಯಕ್ಷರು ನಮ್ಮ ರಾವ್ ಅವರೇ. ಅದೇ ವರ್ಷ ಡಿಸೆಂಬರ್ 26ರಂದು ಸೋವಿಯತ್ ಒಕ್ಕೂಟ ವಿಸರ್ಜನೆಯಾಯಿತು. 1992ರ ಮೇ ತಿಂಗಳಲ್ಲಿ ಅಮೆರಿಕ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. 1993ರಲ್ಲಿ ಹೊಸ ರಷ್ಯಾ ಮಣಿಯಿತು. ಎಂಜಿನ್ ಕೊಡುತ್ತೇವೆ, ವಿದ್ಯೆ ಕೊಡುವುದಿಲ್ಲ ಎಂದಿತು. ಕೊಂಡ ಎಂಜಿನ್ನಿನಿಂದ 2001ರಲ್ಲಿ ಜಿ.ಎಸ್.ಎಲ್.ವಿ. ಮೊದಲ ಸಲ ಹಾರಿತು. ನಮ್ಮದೇ ಕ್ರಯೋಜೆನಿಕ್ ಎಂಜಿನ್ ಯಶಸ್ವಿಯಾಗಿ ಹಾರಿದ್ದು 2014ರ ಜನವರಿ 5ರಂದು. ಬಯಸಿದ ವಿದ್ಯೆಗೂ ಕೈಗೆ ಬಂದ ವಿದ್ಯೆಗೂ ನಡುವೆ ಇಪ್ಪತ್ತಮೂರು ವರ್ಷ.

ಈ ಎರಡು ಕಥೆಗಳನ್ನು ಪಕ್ಕದಲ್ಲಿಟ್ಟು ನೋಡಬೇಕು. ಆರ್ಯಭಟದಲ್ಲಿ ಅವರು ರಾಕೆಟ್ ಕೊಟ್ಟರು, ಉಪಗ್ರಹ ಕಟ್ಟಿದವರು ನಾವು. ಅದು ನಾಲ್ಕನೆಯ ದಿನ ಕೆಟ್ಟರೂ ವಿದ್ಯೆ ನಮ್ಮಲ್ಲಿ ಉಳಿಯಿತು. ಕ್ರಯೋಜೆನಿಕ್ಕಿನಲ್ಲಿ ಸಿದ್ಧ ಎಂಜಿನ್ ಬಂತು. ಆದರೆ ವಿದ್ಯೆಯನ್ನು ನಾವೇ ಬೆವರು ಸುರಿಸಿ ಕಲಿಯಬೇಕಾಯಿತು. ಬೇಡಿ ತಂದ ಬುತ್ತಿ ದಾರಿಗೆ ಸಾಕು, ಮನೆಯಲ್ಲಿ ಒಲೆ ಹೂಡಲೇಬೇಕು.

ನಾವು ಅನ್ನ ತಿನ್ನುತ್ತಿರುವ ಈ ದೇಶವೂ ಇದೇ ದಾರಿ ಹಿಡಿಯಿತು. ದುಬೈಸ್ಯಾಟ್-1 ಅನ್ನು ಕಟ್ಟುವಾಗ ಇಲ್ಲಿನ ಎಳೆಯ ಎಂಜಿನಿಯರುಗಳು ಕೊರಿಯಾಕ್ಕೆ ಹೋಗಿ ಅಲ್ಲಿಯವರ ಜೊತೆ ಕೂತು ಕಲಿತರು. 2009ರ ಜುಲೈ 29ರಂದು ಅದನ್ನು ಬೈಕನೂರಿನಿಂದ ಹೊತ್ತೊಯ್ದದ್ದು ಸೋವಿಯತ್ ಕಾಲದ ಕ್ಷಿಪಣಿಯನ್ನೇ ಮಾರ್ಪಡಿಸಿದ ರಾಕೆಟ್. ನಗರಗಳನ್ನು ಸುಡಲೆಂದು ಮಾಡಿದ್ದು ಕೊನೆಗೆ ಮರುಭೂಮಿಯ ನಕ್ಷೆ ಬರೆಯಲು ನೆರವಾಯಿತು. 2019ರ ಸೆಪ್ಟೆಂಬರ್ 25ರಂದು ಹಜ್ಜಾ ಅಲ್ ಮನ್ಸೂರಿ ಹಾರಿದ್ದೂ ಬೈಕನೂರಿನಿಂದಲೇ, ಸೋಯುಜ್‌ನಲ್ಲೇ. ಮರು ವರ್ಷ ಗಗನಯಾನಕ್ಕೆ ಆಯ್ಕೆಯಾದ ನಾಲ್ವರು ಭಾರತೀಯರು ತರಬೇತಿಗೆ ಹೋದದ್ದು ಅದೇ ತಾರಾನಗರಿಗೆ.

ರಾವ್ ಅವರು 2017ರ ಜುಲೈ 24ರಂದು ಬೆಂಗಳೂರಿನಲ್ಲಿ ನಿಧನರಾದರು. ಪೀಣ್ಯದ ಶೆಡ್ಡಿನಲ್ಲಿ ಹುಟ್ಟಿದ ಉಪಗ್ರಹ ಕೇಂದ್ರಕ್ಕೆ ಮರುವರ್ಷ ಅವರ ಹೆಸರನ್ನಿಟ್ಟರು. ಆರ್ಯಭಟ ಮಾತ್ರ ಸುಮಾರು ಹದಿನೇಳು ವರ್ಷ ಸುತ್ತುತ್ತಲೇ ಇದ್ದು 1992ರ ಫೆಬ್ರವರಿಯಲ್ಲಿ ವಾತಾವರಣಕ್ಕಿಳಿದು ಉರಿದುಹೋಯಿತು. ಅಷ್ಟರಲ್ಲಿ ಅದನ್ನು ಹಾರಿಸಿದ ದೇಶ ಇಲ್ಲವಾಗಿ ಎರಡು ತಿಂಗಳೂ ಆಗಿರಲಿಲ್ಲ. ಉಪಗ್ರಹ ಹೋಯಿತು, ಒಕ್ಕೂಟ ಹೋಯಿತು. ಪೀಣ್ಯದ ಆ ಹುಡುಗರು ಕಲಿತದ್ದು ಅವರ ಶಿಷ್ಯರಿಗೆ, ಶಿಷ್ಯರಿಂದ ಮತ್ತೊಬ್ಬರಿಗೆ ದಾಟಿ ಚಂದ್ರನವರೆಗೆ ಹೋಗಿದೆ. ನಮ್ಮ ಸಂಘದ ಮಕ್ಕಳಲ್ಲಿ ಯಾರಿಗಾದರೂ ಕೈ ಮಸಿ ಮಾಡಿಕೊಂಡು ಏನಾದರೂ ಬಿಚ್ಚಿ ಜೋಡಿಸುವ ಹುಚ್ಚಿದ್ದರೆ, ಅಪ್ಪ ಅಮ್ಮಂದಿರು ದಯವಿಟ್ಟು ಗದರಬೇಡಿ.